ಮಾಸ್ಟ್ರ ಪ್ರಶ್ನೆಗಳು

ಮುಂಬಯಿ ಫೋರ್ಟಿನ ನಮ್ಮ ಕನ್ನಡ ರಾತ್ರಿ ಶಾಲೆಗೆ ಬರುತ್ತಿದ್ದವರು ಹೆಚ್ಚಾಗಿ ಹಗಲಿಡೀ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗರು. ಪ್ರಯೋಗಶಾಲೆ ಎಂದರೆ ಒಂದು ಮರದ ಕಪಾಟು, ಅಷ್ಟೇ. ವಿಜ್ಞಾನದ ಮಾಸ್ಟ್ರಿಗೆ ಅದೇ ಸಾಕಿತ್ತು. ಪೆನ್ಸಿಲಿನ ಎರಡೂ ತುದಿ ಹೆರೆದು, ನಾಲ್ಕು ಟಾರ್ಚ್ ಸೆಲ್ಲುಗಳಿಗೆ ತಂತಿ ಸಿಕ್ಕಿಸಿ, ಸ್ವಲ್ಪ ಹೊತ್ತಿನ ಮೇಲೆ ಮುಟ್ಟಿ ನೋಡಿ ಎನ್ನುತ್ತಿದ್ದರು. ಬಿಸಿಯಾಗಿರುತ್ತಿತ್ತು. "ಇದು ದಾರಿಯಲ್ಲೇ ಪೋಲಾದ ಶಕ್ತಿ. ಪೋಲಾಗದ ವಸ್ತುವೂ ಉಂಟು" ಎಂದು 1911ರ ಕಥೆ ತೆಗೆಯುತ್ತಿದ್ದರು. ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸವನ್ನು 4.2 ಕೆಲ್ವಿನ್‌ಗೆ, ಅಂದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದಾಗ ಅದರ ವಿದ್ಯುತ್ ರೋಧ ಪೂರ್ತಿ ಮಾಯವಾಗಿತ್ತು. ಹೀಗೆ ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಗುಣ, ಅಂದರೆ ಅತಿವಾಹಕತೆ, ನನ್ನ ತಲೆಗೆ ಹೊಕ್ಕಿದ್ದು ಹಾಗೆ. ಮುಂದೆ ನಾನು ಭೌತಶಾಸ್ತ್ರದ ಉಪನ್ಯಾಸಕನಾದದ್ದಕ್ಕೂ ಅವರೇ ಕಾರಣ.

2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಪಾಬ್ಲೊ ಹರಿಯೊ ಎರೆರೊ ತಂಡದ ಸುದ್ದಿ ಬಂದಾಗ ಡೊಂಬಿವಲಿಯ ಮಾಸ್ಟ್ರ ಮನೆಗೆ ಓಡಿದೆ. ಗ್ರಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ. ಎರಡು ಹಾಳೆಗಳನ್ನು ಸುಮಾರು 1.1 ಡಿಗ್ರಿ ತಿರುಗಿಸಿ ಒಂದರ ಮೇಲೊಂದಿಟ್ಟರೆ ಅತಿವಾಹಕ!

"ಎಷ್ಟು ಕೆಲ್ವಿನ್‌ನಲ್ಲಿ?"

"1.7, ಸರ್."

"ಅಲ್ಲ ಮಾರಾಯ, ಇದಕ್ಕಿಂತ ಪಾದರಸವೇ ವಾಸಿ ಆಯಿತಲ್ಲ! ಇಂಗಾಲದ ಅತಿಸಣ್ಣ ನ್ಯಾನೊ ಕೊಳವೆಗಳಲ್ಲಿ 15 ಅಂತ ಓದಿದ ನೆನಪು."

ನೆನಪು ಸರಿಯೇ. 2001ರಲ್ಲಿ ಹಾಂಗ್‌ಕಾಂಗಿನ ವಿಜ್ಞಾನಿಗಳು ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಹರಳಿನೊಳಗೆ ಬೆಳೆಸಿದ, ಬರೀ 4 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಅಗಲದ ಕೊಳವೆಗಳಲ್ಲಿ ಸುಮಾರು 15 ಕೆಲ್ವಿನ್‌ನಲ್ಲಿ ಅತಿವಾಹಕತೆಯ ಲಕ್ಷಣ ಕಂಡಿದ್ದರು. ನಿವೃತ್ತರಾದ ಮೇಲೂ ಇಷ್ಟೆಲ್ಲ ಓದಿಕೊಂಡಿದ್ದರು!

ಗ್ರಾಫೀನಿನ ಹೆಚ್ಚುಗಾರಿಕೆ ಉಷ್ಣತೆಯಲ್ಲಿಲ್ಲ ಎಂದೆ. ಅದರಲ್ಲಿ ಓಡಾಡುವ ಎಲೆಕ್ಟ್ರಾನುಗಳೇ ತೀರ ಕಡಿಮೆ. ಅಷ್ಟರಲ್ಲೇ ಅತಿವಾಹಕತೆ ಬರುವುದು ದೊಡ್ಡ ಮಾತು. ಮೇಲಾಗಿ, ವಸ್ತುವನ್ನು ಬದಲಿಸದೆ, ಗೇಟಿನ, ಅಂದರೆ ಪಕ್ಕದ ನಿಯಂತ್ರಕ ವಿದ್ಯುದ್ವಾರದ, ವೋಲ್ಟೇಜನ್ನಷ್ಟೇ ಏರಿಳಿಸಿ, ಒಂದೇ ತುಣುಕನ್ನು ಅವಾಹಕವಾಗಿಯೂ ಮಾಡಬಹುದು, ಅತಿವಾಹಕವಾಗಿಯೂ ಮಾಡಬಹುದು.

"ಕೋನಕ್ಕೆ ಯಾಕೆ ಅಷ್ಟು ಮಹತ್ವ?"

ಕಿಟಕಿಗೆ ಹಾಕಿ ಉಳಿದಿದ್ದ ಸೊಳ್ಳೆ ಜಾಲರಿಯ ಎರಡು ತುಂಡುಗಳನ್ನು ಜೋಡಿಸಿ ಮೆಲ್ಲಗೆ ತಿರುಗಿಸಿ ತೋರಿಸಿದೆ. ಕೋನ ಕಿರಿದಾದಷ್ಟೂ ದೊಡ್ಡ ದೊಡ್ಡ ಅಲೆಯಂಥ ಚಿತ್ತಾರ ಎದ್ದಿತು. ಗ್ರಾಫೀನಿನಲ್ಲೂ ಇಂಥದೇ ಚಿತ್ತಾರ ಮೂಡುತ್ತದೆ. ಆ ಕೋನದ ಹತ್ತಿರ ಎಲೆಕ್ಟ್ರಾನುಗಳ ವೇಗ ಬಹುತೇಕ ಉಡುಗಿ, ಅವುಗಳ ಪರಸ್ಪರ ತಳ್ಳಾಟವೇ ಮೇಲುಗೈಯಾಗುತ್ತದೆ. ಬಿಸ್ಟ್ರಿಟ್ಜರ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಭೌತವಿಜ್ಞಾನಿಗಳು 2011ರಲ್ಲೇ ಲೆಕ್ಕ ಹಾಕಿ ಆ ಕೋನವನ್ನು ಹೇಳಿದ್ದರು.

ಮಾಸ್ಟ್ರು ಜಾಲರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ತಿರುಗಿಸುತ್ತ ಕೇಳಿದರು: "ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿ ಕಟ್ಟಿ ಓಡಬೇಕಲ್ಲ, ತಳ್ಳಾಡುವವು ಜೋಡಿ ಕಟ್ಟುವುದು ಹೇಗೆ? ಪಾದರಸದ ಹಾಗೆ ಹರಳಿನ ಪರಮಾಣುಗಳ ಕಂಪನದಿಂದಲೋ, ಬೇರೆ ಏನಾದರೂ ಉಂಟೋ?"

ಅದು ಇನ್ನೂ ಇತ್ಯರ್ಥವಾಗಿಲ್ಲ, ವಿಜ್ಞಾನಿಗಳಲ್ಲೇ ವಾದ ನಡೆದಿದೆ ಎಂದೆ.

"ಹಾಗಾದರೆ ಬರುವ ಭಾನುವಾರ ಎರಡೂ ಕಡೆಯವರ ಪ್ರಬಂಧ ತಾ. ಊಟ ಇಲ್ಲೇ."