ಕರೆಂಟ್ ಬಿಲ್ ನನ್ನದು, ವೋಟು ಅವನದು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ನಾನು ಓದುತ್ತಿದ್ದಾಗ 2023ರ ಏಪ್ರಿಲ್ 4ಕ್ಕೆ ಎಲೆಕ್ಷನ್ ಬಂತು. ಮೇಯರ್, ನಗರಸಭೆಯ ಸದಸ್ಯರು, ಜೊತೆಗೆ ರಾಜ್ಯ ಸುಪ್ರೀಂ ಕೋರ್ಟಿನ ಒಂದು ಸ್ಥಾನ. ಹೌದು, ಅಲ್ಲಿ ಜಡ್ಜುಗಳೂ ವೋಟು ಕೇಳುತ್ತಾರೆ. ನಾನು ಸ್ಟೂಡೆಂಟ್ ವೀಸಾದವನು, ವೋಟಿಲ್ಲ. ರೂಮ್‌ಮೇಟ್ ಪಕ್ಕದ ಮಿನೆಸೋಟಾ ರಾಜ್ಯದವನು. ಅವನಿಗಿತ್ತು. ಸುಮ್ನೆ ಜೊತೆಗೆ ಹೋದೆ.

ವಿಸ್ಕಾನ್ಸಿನ್‌ನಲ್ಲಿ ವಿಳಾಸಕ್ಕೆ ಬಂದು 28 ದಿನ ಆಗಿದ್ದರೆ ಸಾಕು, ಮತಗಟ್ಟೆಯಲ್ಲೇ ಹೆಸರು ಸೇರಿಸಿ ಆಗಲೇ ವೋಟು ಹಾಕಬಹುದು. ಕೇಳೋಕೆ ಚೆನ್ನಾಗಿದೆ. ಆದರೆ ಬೇರೆ ರಾಜ್ಯದ ಲೈಸೆನ್ಸ್ ನಡೆಯಲ್ಲ. ಯೂನಿವರ್ಸಿಟಿಯ ಮಾಮೂಲಿ ಐಡಿ ಕಾರ್ಡೂ ಆಗ ನಡೆಯುತ್ತಿರಲಿಲ್ಲ. ವೋಟಿಗೆಂದೇ ಇನ್ನೊಂದು ಕಾರ್ಡು ಬೇಕು, ದುಡ್ಡಿಲ್ಲದೆ ಕೊಡುತ್ತಾರೆ. ಅದನ್ನು ಬೆಳಿಗ್ಗೆಯೇ ಮಾಡಿಸಿಕೊಂಡಿದ್ದ. ಇನ್ನು ವಿಳಾಸಕ್ಕೆ ದಾಖಲೆ. ಬ್ಯಾಂಕಿನವರ ಹತ್ತಿರ ಇದ್ದದ್ದು ಅವನ ಅಪ್ಪನ ಮನೆ ವಿಳಾಸ. ಕರೆಂಟ್ ಬಿಲ್ ಇದ್ದದ್ದು ನನ್ನ ಹೆಸರಲ್ಲಿ! ಟೇಬಲ್ ಹಿಂದೆ ಕೂತಿದ್ದ ವಯಸ್ಸಾದ ಮಹಿಳೆ ಒಂದಿಷ್ಟೂ ಸಿಡುಕಲಿಲ್ಲ. "ಎಲ್ಲಾದರೂ ಕೆಲಸ ಮಾಡ್ತೀರಾ?" ಅಂತ ಕೇಳಿದರು. ಲೈಬ್ರರಿ ಕೆಲಸದ ಸಂಬಳದ ಚೀಟಿ ಫೋನಿನಲ್ಲಿತ್ತು. ಅದರಲ್ಲಿ ನಮ್ಮ ಮನೆ ವಿಳಾಸವೂ ಇತ್ತು. ಆಯ್ತು, ಬ್ಯಾಲೆಟ್ ಕೈಗೆ ಬಂತು.

ಹುಡುಗರು ಅಷ್ಟು ಜನ ಸಾಲಲ್ಲಿ ನಿಂತದ್ದು ನಗರಸಭೆಗಾಗಿ ಅಂತ ನಾನು ನಂಬಲ್ಲ. ಹಿಂದಿನ ವರ್ಷ ದೇಶದ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕು ತೆಗೆದುಹಾಕಿತ್ತು. ಈ ರಾಜ್ಯದಲ್ಲಿ ಗರ್ಭಪಾತ ತಡೆಯೋ 1849ರ ಕಾನೂನೊಂದು ಎದ್ದು ಕೂತಿತ್ತು. ಅದರ ಗತಿ ಏನು ಅನ್ನೋದು ಹೊಸ ಜಡ್ಜ್ ಯಾರು ಅನ್ನೋದರ ಮೇಲೆ ನಿಂತಿತ್ತು. ಕ್ಯಾಂಪಸ್ಸಿನ 8ನೇ ವಾರ್ಡಿಗೆ ಎಂ.ಜಿ.ಆರ್. ಗೋವಿಂದರಾಜನ್ ಅನ್ನೋ ವಿದ್ಯಾರ್ಥಿ ನಿಂತು ಗೆದ್ದರು. ಹೆಸರು ಕೇಳಿ ನನಗೆ ಮೊದಲು ನೆನಪಾದದ್ದು ಮದ್ರಾಸು!

ನಮ್ಮ ಬೀದಿಯಲ್ಲಿ ಬಾಡಿಗೆಗಿಲ್ಲದ ಮನೆ ಒಂದೇ, ಒಬ್ಬ ನಿವೃತ್ತ ಟೀಚರ್‌ದು. ಸಂಜೆ ಅವರು ವೋಟು ಹಾಕಿ ಬರುವಾಗ ಸಿಕ್ಕರು. ರೂಮ್‌ಮೇಟ್ ಹೆಮ್ಮೆಯಿಂದ ಜಾಕೆಟ್ ಮೇಲಿನ 'ವೋಟು ಹಾಕಿದೆ' ಅನ್ನೋ ಸ್ಟಿಕರ್ ತೋರಿಸಿದ. "ಒಳ್ಳೇದು. ಆದರೆ ನಾಲ್ಕು ವರ್ಷಕ್ಕೆ ನೀನು ಹೊರಟುಹೋಗ್ತೀಯ, ಪ್ರಾಪರ್ಟಿ ಟ್ಯಾಕ್ಸ್ ಕಟ್ಟೋಳು ನಾನು" ಅಂದರು. ಬಾಡಿಗೆಯಲ್ಲೇ ಟ್ಯಾಕ್ಸೂ ಸೇರಿರುತ್ತೆ ಅಂತ ನನ್ನ ಬಾಯಿಗೆ ಬಂದಿತ್ತು, ಅದುಮಿಕೊಂಡೆ. ಅವರ ಸಿಟ್ಟಿಗೆ ಕಾರಣ ಬೇರೆಯೇ ಇತ್ತು. ಕೆಲವು ಬಡಾವಣೆಗಳಲ್ಲಿ ಸಂಬಂಧಿಕರಲ್ಲದ ಬಾಡಿಗೆದಾರರು ಒಂದು ಮನೆಯಲ್ಲಿ ಇಬ್ಬರಿಗಿಂತ ಜಾಸ್ತಿ ಇರಬಾರದು ಅಂತ ಹಳೇ ನಿಯಮವಿತ್ತು. ಆ ವಸಂತದಲ್ಲೇ ನಗರಸಭೆ ಅದನ್ನು ಸಡಿಲಿಸಿತ್ತು. "ಇನ್ನು ಮನೆಗೆ ಐದು ಜನ, ಐದು ಕಾರು" ಅಂದರು. ನಮ್ಮ ಮನೆಯಲ್ಲಿ ನಾನು, ರೂಮ್‌ಮೇಟ್, ಇನ್ನೊಬ್ಬ ಹೀಗೆ ಮೂವರು ಬಾಡಿಗೆ ಹಂಚಿಕೊಂಡು ಬದುಕುತ್ತಿದ್ದವರು, ಆ ನಿಯಮ ಹೋಗಿದ್ದು ನಮಗೆ ಸರಿಯೆನಿಸಿತ್ತು. ಆದರೆ ಜಡ್ಜ್ ಮಾತು ಬಂದಾಗ ಅವರೂ ರೂಮ್‌ಮೇಟೂ ಒಂದೇ ಕಡೆ. "ಗರ್ಭಪಾತದ ಹಕ್ಕಿಗಾಗಿ ನಾನು ನಿಮ್ಮ ವಯಸ್ಸಲ್ಲೇ ಬೀದಿಗಿಳಿದಿದ್ದೆ" ಅಂದರು. ಅವರು ವೋಟು ಹಾಕಿದ ಜಾನೆಟ್ ಪ್ರೊಟಸೇವಿಚ್ ಆ ರಾತ್ರಿ ಸಲೀಸಾಗಿ ಗೆದ್ದರು.

ಊರಿನವರು ಒಂದು ಕಡೆ, ವಿದ್ಯಾರ್ಥಿಗಳು ಒಂದು ಕಡೆ ಅಂತ ಅಲ್ಲಿನವರೇ ಮಾತಾಡುತ್ತಾರೆ. ಒಂದೇ ಬ್ಯಾಲೆಟ್ಟಿನ ಮೇಲಿನ ಸಾಲಲ್ಲಿ ಕೂಡಿ, ಕೆಳಗಿನ ಸಾಲಲ್ಲಿ ಜಗಳವಾಡಿದವರನ್ನು ನಾನು ಅಂದು ನೋಡಿದೆ. ನಾಲ್ಕು ವರ್ಷದ ಮಾತೂ ಪೂರ್ತಿ ಸರಿಯಲ್ಲ. ಈ ಹುಡುಗ ಹೋದರೆ ಅದೇ ಕೋಣೆಗೆ ಇನ್ನೊಬ್ಬ ಬರುತ್ತಾನೆ, ಅದೇ ಬಾಡಿಗೆ ಕಟ್ಟುತ್ತಾನೆ. ಹೋಗಿಯೇ ಹೋಗುತ್ತಾರೆ ಅನ್ನೋಕೂ ಆಗಲ್ಲ: ಪಾಲ್ ಸೋಗ್ಲಿನ್ 1968ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ನಗರಸಭೆಗೆ ಗೆದ್ದು, 1973ರಲ್ಲಿ ಮೇಯರ್ ಆದರು.

ಆಗಸ್ಟ್ ಮಧ್ಯಕ್ಕೆ ಮ್ಯಾಡಿಸನ್ನಿನ ಅರ್ಧ ಊರೇ ಮನೆ ಬದಲಾಯಿಸುತ್ತೆ, ಕರಾರುಗಳೆಲ್ಲ ಒಟ್ಟಿಗೆ ಮುಗಿಯುತ್ತವೆ. ಫುಟ್‌ಪಾತ್ ತುಂಬ ಸೋಫಾ, ಹಾಸಿಗೆ. ರೂಮ್‌ಮೇಟ್ ನಾಲ್ಕು ಬೀದಿ ಆಚೆಗೆ ಹೋದ. ವಿಳಾಸ ಬದಲಾಯಿತಲ್ಲ, ಮತ್ತೆ ಹೆಸರು ಸೇರಿಸಬೇಕು. ಈ ಸಲ ಕರೆಂಟ್ ಬಿಲ್ ತನ್ನ ಹೆಸರಿಗೇ ಮಾಡಿಸಿಕೊಂಡ.