ಹಾಸನದ ಸನ್ನೆ ಭಾಷೆ ತರಗತಿ: ಮಳೆಗಾಲದಿಂದ ಕಾಫಿ ಕುಯ್ಲಿನವರೆಗೆ

ಹೊಸದಾಗಿ ಓದುತ್ತಿರುವವರಿಗೆ ಮೊದಲು ಎರಡು ಮಾತು. ನಮ್ಮದು ಸಣ್ಣ ಗುಂಪು. ಹಾಸನ ಜಿಲ್ಲೆಯಲ್ಲಿ ಮನೆಮಾತು ಕನ್ನಡ ಅಲ್ಲದ ಅಲ್ಪಸಂಖ್ಯಾತ, ಬುಡಕಟ್ಟು, ವಲಸೆ ಕುಟುಂಬಗಳಲ್ಲಿ ಇರುವ ಕಿವುಡರ ಜೊತೆ ಕೆಲಸ ಮಾಡುತ್ತೇವೆ. ಪೆನ್ಷನ್ ಮೊಹಲ್ಲಾದ ಉರ್ದು ಮಾತಿನ ಮನೆಗಳು, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಯವರು, ಸಕಲೇಶಪುರದ ಎಸ್ಟೇಟ್ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇರುವ ಅಸ್ಸಾಮಿನವರು. ಗುಂಪಿನಲ್ಲಿ ಅರ್ಧ ಜನ ಕಿವುಡರೇ, ಪಾಠ ಮಾಡುವವರೂ ಅವರೇ. ಕಿವಿ ಕೇಳುವ ನಾವು ಫಾರಂ ತುಂಬುತ್ತೇವೆ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತೇವೆ, ಕುರ್ಚಿ ಹಾಕುತ್ತೇವೆ.

ಜೂನ್, ಜುಲೈ

ಈ ಎರಡು ತಿಂಗಳು ಪಾಠಕ್ಕಿಂತ ಹಿಯರಿಂಗ್ ಏಡ್ ರಿಪೇರಿಯೇ ಜಾಸ್ತಿ ಆಯ್ತು. ಸಕಲೇಶಪುರದಲ್ಲಿ ಮಳೆ ಹಿಡಿದುಕೊಂಡರೆ ಗೋಡೆ, ಬಟ್ಟೆ, ಹಾಸಿಗೆ ಎಲ್ಲದಕ್ಕೂ ತೇವ. ಕಿವಿ ಹಿಂದೆ ಸಿಕ್ಕಿಸುವ ಮಶೀನು ಮಾತ್ರ ಹೇಗೆ ಒಣಗಿರುತ್ತೆ? ಟ್ಯೂಬಿನೊಳಗೆ ನೀರಿನ ಹನಿ ನಿಂತು ಶಬ್ದವೇ ಹೋಗುವುದಿಲ್ಲ.

ಹಾಗಾಗಿ ಮನೆ ಮನೆಗೂ ಬಿಗಿ ಮುಚ್ಚಳದ ಡಬ್ಬಿ, ಅದರಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಹರಳು ಕೊಟ್ಟೆವು. ರಾತ್ರಿ ಮಶೀನಿನಿಂದ ಬ್ಯಾಟರಿ ತೆಗೆದು, ಅದರ ಬಾಗಿಲು ತೆರೆದಿಟ್ಟು ಡಬ್ಬಿಯೊಳಗೆ ಇಡಬೇಕು. ನೀಲಿ ಹರಳು ತೇವ ಹೀರಿ ಹೀರಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಗ ಹರಳನ್ನು ಮಾತ್ರ ಅಡುಗೆಗೆ ಬಳಸದ ಹಳೇ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಬಣ್ಣ ನೋಡಿದರೆ ಸಾಕು, ಓದಲು ಬರಬೇಕಿಲ್ಲ, ಕನ್ನಡವೂ ಬೇಕಿಲ್ಲ. ಲೈನ್ ಮನೆಯ ಒಬ್ಬ ಅಜ್ಜಿ ಅಕ್ಕಪಕ್ಕದವರ ಡಬ್ಬಿಗಳನ್ನೂ ತಾನೇ ನೋಡಿಕೊಳ್ಳುತ್ತಿದ್ದಾರೆ. ಹರಳು ಮಕ್ಕಳ ಬಾಯಿಗೆ ಹೋಗಬಾರದು, ಅದೊಂದನ್ನು ಮತ್ತೆ ಮತ್ತೆ ಹೇಳುತ್ತಿದ್ದೇವೆ.

ಇನ್ನೊಂದು ತೊಂದರೆ ಮೋಲ್ಡಿನದು, ಅಂದರೆ ಕಿವಿಯ ಅಳತೆಗೆ ಮಾಡಿಸಿ ಕಿವಿಯೊಳಗೆ ಕೂರಿಸುವ ತುಂಡಿನದು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಮೋಲ್ಡ್ ಸಡಿಲವಾಗುತ್ತದೆ, ಮಶೀನು ಕುಂಯ್ ಎಂದು ಶಿಳ್ಳೆ ಹೊಡೆಯುತ್ತದೆ. ಮಶೀನು ಕೆಟ್ಟಿತು ಎಂದುಕೊಂಡು ಮನೆಯವರು ಪೆಟ್ಟಿಗೆಯಲ್ಲಿ ಎತ್ತಿಟ್ಟಿರುತ್ತಾರೆ. ಬೇಕಾಗಿರುವುದು ಹೊಸ ಮೋಲ್ಡ್ ಅಷ್ಟೇ.

ಆಗಸ್ಟ್

ಅಮ್ಮಂದಿರ ತರಗತಿ ಶುರುವಾಯಿತು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹುಟ್ಟಿನಿಂದ ಕಿವಿ ಕೇಳದ ಮಕ್ಕಳಲ್ಲಿ ಬಹುಪಾಲು ಮಕ್ಕಳ ಅಪ್ಪ ಅಮ್ಮನಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಅಂದರೆ ಮನೆಯಲ್ಲಿ ಸನ್ನೆ ಭಾಷೆ ಬಲ್ಲವರು ಯಾರೂ ಇರುವುದಿಲ್ಲ. ಇದು ಎಲ್ಲ ಮನೆಗಳ ಕಷ್ಟ. ನಮ್ಮ ಕುಟುಂಬಗಳಿಗೆ ಅದರ ಮೇಲೆ ಇನ್ನೊಂದು ಹೊರೆ. ಶಾಲೆಯಲ್ಲಿ ಕನ್ನಡ, ಮಾತಿನ ಥೆರಪಿಯಲ್ಲಿ ಕನ್ನಡ, ಮನೆಯಲ್ಲಿ ಉರ್ದುವೋ ಹಕ್ಕಿಪಿಕ್ಕಿಯವರ ವಾಗ್ರಿಯೋ. ‘ಮನೆಯಲ್ಲೂ ಕನ್ನಡವನ್ನೇ ಆಡಿ, ಇಲ್ಲದಿದ್ದರೆ ಮಗುವಿಗೆ ಗೊಂದಲ ಆಗುತ್ತೆ’ ಎಂದು ಈ ತಾಯಂದಿರಿಗೆ ಹೇಳಿದವರಿದ್ದಾರೆ. ಅಮ್ಮನಿಗೆ ಬರುವ ಕನ್ನಡ ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು. ಅಷ್ಟರಲ್ಲಿ ಮಗುವನ್ನು ಮುದ್ದು ಮಾಡುವುದು ಹೇಗೆ, ಗದರುವುದು ಹೇಗೆ? ಕೊನೆಗೆ ಸುಮ್ನೆ ಆಗಿಬಿಡುತ್ತಾಳೆ. ಇದು ತಪ್ಪು ಸಲಹೆ ಎಂದು ನಾನು ನೇರವಾಗಿ ಹೇಳುತ್ತೇನೆ. ಅಮ್ಮ ತನ್ನ ಭಾಷೆಯಲ್ಲೇ ಮಾತಾಡಲಿ, ಜೊತೆಗೆ ಸನ್ನೆ ಕಲಿಯಲಿ. ಎರಡೂ ಮಗುವಿಗೆ ಸೇರಬೇಕಾದದ್ದೇ.

ಮೊದಮೊದಲು ಪಾಠ ಮಾಡುವ ಕಿವುಡ ಮೇಡಂ ಸನ್ನೆ ಮಾಡುವುದು, ನಾವು ಅದನ್ನು ಕನ್ನಡದಲ್ಲಿ ಹೇಳುವುದು, ಇನ್ನೊಬ್ಬರು ಉರ್ದುವಿನಲ್ಲಿ ಹೇಳುವುದು, ಹೀಗೆ ನಡೆಯುತ್ತಿತ್ತು. ಅಷ್ಟರಲ್ಲಿ ಎಲ್ಲರೂ ಹೇಳುವವರ ಬಾಯಿ ನೋಡುತ್ತಿದ್ದರು, ಮೇಡಂ ಕೈ ನೋಡುವವರೇ ಇಲ್ಲ. ಕೊನೆಗೆ ಮೇಡಮ್ಮೇ ನಮ್ಮನ್ನು ಹಿಂದೆ ಕೂರಿಸಿದರು. ತಟ್ಟೆ, ಲೋಟ, ಹಾಲು, ಚಪ್ಪಲಿ ಎದುರಿಗಿಟ್ಟುಕೊಂಡು ಬರೀ ಕೈಯಲ್ಲೇ ಪಾಠ. ಈಗ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ, ಕಲಿಯುವ ವೇಗ ಹೆಚ್ಚಿದೆ.

ಸನ್ನೆ ಭಾಷೆ ಬರೀ ಕೈಯದ್ದಲ್ಲ. ‘ಊಟ ಆಯ್ತಾ?’ ಎಂದು ಕೇಳುವಾಗ ಹುಬ್ಬು ಮೇಲೇರಬೇಕು. ಹುಬ್ಬು ಏರದಿದ್ದರೆ ಅದು ಪ್ರಶ್ನೆಯೇ ಅಲ್ಲ, ‘ಊಟ ಆಯ್ತು’ ಎಂದಾಗುತ್ತದೆ. ಮುಖ ಕಾಣಿಸಲೇಬೇಕು. ಅದಕ್ಕೇ ಪೆನ್ಷನ್ ಮೊಹಲ್ಲಾದ ತರಗತಿಗೆ ಹೆಂಗಸರು ಮಾತ್ರ, ಪಾಠಕ್ಕೂ ಕಿವುಡ ಮೇಡಂ. ಬಾಗಿಲು ಹಾಕಿದ ಮೇಲೆ ನಕಾಬ್ ತೆಗೆದು, ಒಬ್ಬರ ಹುಬ್ಬು ಇನ್ನೊಬ್ಬರು ನೋಡಿಕೊಂಡು ಅಭ್ಯಾಸ ಮಾಡುತ್ತಾರೆ. ನಗು ಬಂದರೆ ನಗುತ್ತಾರೆ, ಮತ್ತೆ ಮಾಡುತ್ತಾರೆ.

ಸೆಪ್ಟೆಂಬರ್, ಅಕ್ಟೋಬರ್

ಅಂಗಡಿಹಳ್ಳಿಯಲ್ಲಿ ಅಮ್ಮಂದಿರಿಗೆ ಕಲಿಸಿದರೆ ಸಾಲದು. ಎಣ್ಣೆ, ಬೇರು, ಮಣಿಸರ ಮಾರಲು ದೂರದೂರಿಗೆ ಹೋದವರು ತಿಂಗಳುಗಟ್ಟಲೆ ಬರುವುದಿಲ್ಲ. ಮಕ್ಕಳು ಅಜ್ಜಿ ಹತ್ತಿರ. ಹಾಗಾಗಿ ಇಲ್ಲಿ ಅಜ್ಜಿಯರು, ಅಕ್ಕ ಅಣ್ಣಂದಿರು ಎಲ್ಲರೂ ವಿದ್ಯಾರ್ಥಿಗಳೇ.

ಇಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳ ಅಮ್ಮ ಊರಿನಲ್ಲಿದ್ದಾಗ ತರಗತಿಗೆ ಬಂದು ಒಂದಿಷ್ಟು ಸನ್ನೆ ಕಲಿತು ಹೋಗಿದ್ದರು. ಮೊದಲೆಲ್ಲ ಅಮ್ಮನ ಫೋನ್ ಬಂದರೆ ಮನೆಯವರೆಲ್ಲ ಮಾತಾಡಿ ಕೊನೆಗೆ ಫೋನನ್ನು ಇವಳ ಮುಖದ ಮುಂದೆ ಹಿಡಿಯುತ್ತಿದ್ದರು. ಇವಳು ಟಾಟಾ ಮಾಡುತ್ತಿದ್ದಳು, ಅಷ್ಟೇ. ಈಗ ವಾಟ್ಸಾಪ್ ವಿಡಿಯೋ ಕಾಲ್ ಬಂದರೆ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ನಿಲ್ಲಿಸುತ್ತಾಳೆ, ಎರಡು ಕೈಯೂ ಖಾಲಿ ಇರಬೇಕಲ್ವಾ. ಊಟಕ್ಕೆ ಏನು, ಅಣ್ಣ ಹೊಡೆದ, ಯಾವಾಗ ಬರ್ತೀಯ. ಅಣ್ಣನಿಗೆ ಅವಳೇ ಇಟ್ಟ ಸನ್ನೆ ಹೆಸರು ಹುಬ್ಬಿನ ಮೇಲೆ ಬೆರಳಿನಿಂದ ಒಂದು ಗೀಟು, ಅವನಿಗೆ ಅಲ್ಲಿ ಗಾಯದ ಕಲೆ ಇದೆ. ಅಮ್ಮ ಆ ಕಡೆಯಿಂದ ಅದೇ ಗೀಟು ಎಳೆದು ಅಣ್ಣನನ್ನು ಬೈದರು. ಹುಡುಗಿಯ ಖುಷಿಯನ್ನು ನೀವು ನೋಡಬೇಕಿತ್ತು.

ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ, 2018ರಿಂದ ಆಚರಣೆಯಲ್ಲಿದೆ. ಅವತ್ತು ಮೂರೂ ಕಡೆಯವರನ್ನು ಹಾಸನಕ್ಕೆ ಕರೆಸಿದೆವು. ಅಂಗಡಿಹಳ್ಳಿಯ ಅಮ್ಮನಿಗೆ ಅಸ್ಸಾಮಿನ ಅಮ್ಮನ ಮಾತು ಒಂದಕ್ಷರ ಗೊತ್ತಾಗುವುದಿಲ್ಲ. ಅವರ ಮಕ್ಕಳು ಮಾತ್ರ ಊಟದ ಹೊತ್ತಿಗೆ ಹೊಟ್ಟೆ ತುಂಬ ಹರಟೆ ಹೊಡೆಯುತ್ತಿದ್ದರು. ಅಮ್ಮಂದಿರು ಆಮೇಲೆ ತಮಗೆ ಬಂದಷ್ಟು ಸನ್ನೆಯಲ್ಲೇ ಒಬ್ಬರನ್ನೊಬ್ಬರು ವಿಚಾರಿಸಿಕೊಂಡರು.

ಆಸ್ಪತ್ರೆ ಕೆಲಸವೂ ಸ್ವಲ್ಪ ಮುಂದೆ ಹೋಗಿದೆ. ಕಿವಿ ಎಷ್ಟು ಕೇಳುತ್ತದೆ ಎಂದು ನೋಡಲು ಎಳೆ ಮಕ್ಕಳಿಗೆ ಮಾಡುವ ಬೆರಾ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ದಾರಿಯಲ್ಲಿ ನಿದ್ದೆ ಮಾಡಲು ಬಿಡಬೇಡಿ ಎಂದು ಹೇಳಿರುತ್ತಾರೆ. ಅದು ತಾಯಿಗೆ ಅರ್ಥವಾಗದೆ ಮಗು ಬಸ್ಸಿನಲ್ಲೇ ನಿದ್ದೆ ಮುಗಿಸಿದರೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರೆಗೆ ಹೋದದ್ದೂ ವ್ಯರ್ಥ, ಆ ದಿನದ ಕೂಲಿಯೂ ಹೋಯಿತು. ಈಗ ಆಯಾ ಊರಿನ ಹುಡುಗಿಯರಿಂದಲೇ ವಾಗ್ರಿ, ಉರ್ದು, ಅಸ್ಸಾಮಿಯಲ್ಲಿ ವಾಯ್ಸ್ ಮೆಸೇಜ್ ಮಾಡಿಸಿ ಹಿಂದಿನ ದಿನವೇ ಕಳಿಸುತ್ತೇವೆ.

ನವೆಂಬರ್‌ನಿಂದ

ಕಾಫಿ ಕುಯ್ಲು ಬಂದರೆ ಲೈನ್ ಮನೆಯವರಿಗೆ ಬಿಡುವಿಲ್ಲ. ಹಣ್ಣು ತೂಕಕ್ಕೆ ಹಾಕಿ ಮನೆ ಸೇರುವಾಗ ಕತ್ತಲು. ತರಗತಿಗೆ ಬನ್ನಿ ಎಂದು ಒತ್ತಾಯ ಮಾಡುವುದು ನ್ಯಾಯವಲ್ಲ, ಸಕಲೇಶಪುರದ ತರಗತಿ ಕುಯ್ಲು ಮುಗಿಯುವವರೆಗೆ ನಿಲ್ಲಿಸಿದ್ದೇವೆ.

ತರಗತಿಯ ಈ ಬಿಡುವಿನಲ್ಲಿ ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ಕೆಲಸ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟ ಇದ್ದರೆ ಕಿವುಡುತನ ಎಂದು ಲೆಕ್ಕ. ಕಿವಿ ಪರೀಕ್ಷೆಯ ವರದಿ, ಅಂದರೆ ಆಡಿಯೋಗ್ರಾಂ ಕೈಯಲ್ಲಿದ್ದರೂ ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಅದಕ್ಕೆ ಮೊದಲು ಹೆಸರು ಸರಿ ಮಾಡಿಸುತ್ತಿದ್ದೇವೆ. ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರಿಂದ ಇದಕ್ಕೆ ಒಳ್ಳೆಯ ಸಹಾಯ ಸಿಗುತ್ತಿದೆ.

ಕುಯ್ಲಿನ ನಂತರ ಅಸ್ಸಾಮಿಗೆ ವಾಪಸ್ ಹೋಗುವ ಕುಟುಂಬಗಳಿವೆ. ಅವರ ಕಲಿಕೆ ಇಲ್ಲಿಗೇ ನಿಲ್ಲಬಾರದು. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೋ ನಿಘಂಟಿನಲ್ಲಿ 2021ಕ್ಕೇ 10,000 ಪದಗಳಾಗಿವೆ. ಊರಿಂದೂರಿಗೆ ಕೆಲವು ಸನ್ನೆ ಬದಲಾಗುತ್ತವೆ, ಆದರೂ ಬುನಾದಿ ಒಂದೇ. ಮನೆಗೆ ಬೇಕಾದವನ್ನು ಮೇಡಂ ಆರಿಸುತ್ತಿದ್ದಾರೆ. ನೆಟ್‌ವರ್ಕ್ ಇಲ್ಲದ ಕಡೆಯೂ ನೋಡುವಂತೆ ಅವನ್ನು ಫೋನಿಗೆ ಹಾಕಿ ಕೊಡುತ್ತೇವೆ. ಅದಕ್ಕೆ ಮೆಮೊರಿ ಕಾರ್ಡ್ ಬೇಕು, ಮಶೀನಿಗೆ ನೀಲಿ ಸ್ಟಿಕ್ಕರಿನ 675 ನಂಬರಿನ ಬ್ಯಾಟರಿಯೂ ಬೇಕು. ಹಾಸನದ ಕಡೆ ಬರುವವರು ತಂದುಕೊಟ್ಟರೆ ದೊಡ್ಡ ಉಪಕಾರ. ಬ್ಯಾಟರಿಯ ಸ್ಟಿಕ್ಕರ್ ಕೀಳಬೇಡಿ, ಕಿತ್ತರೆ ಗಾಳಿ ಸೇರಿ ಅದು ಆಗಲೇ ಖರ್ಚಾಗಲು ಶುರುವಾಗುತ್ತದೆ.