ಘಟ್ಟ ಇಳಿಯುತ್ತಾ ಕೇಳುವ ಚರಿತ್ರೆ

ಶಿರಸಿಯಿಂದ ಕುಮಟಾಕ್ಕೆ ಹೋಗುವಾಗ ಈಗೀಗ ಕಿವಿಯಲ್ಲಿ ಹಾಡಿಲ್ಲ, ಆಡಿಯೋ ಪುಸ್ತಕ. ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ, ಮೊದಲೇ ಡೌನ್‌ಲೋಡ್ ಮಾಡಿಕೊಂಡಿರುತ್ತೇನೆ.

ವಿಲಿಯಂ ಡಾಲ್ರಿಂಪಲ್ ಅವರ 'ದಿ ಅನಾರ್ಕಿ' ತುಂಬಾ ಹಿಡಿಸಿತು. 1600ರಲ್ಲಿ ಲಂಡನ್ನಿನಲ್ಲಿ ಶುರುವಾದ ಈಸ್ಟ್ ಇಂಡಿಯಾ ಎಂಬ ಒಂದು ವ್ಯಾಪಾರಿ ಕಂಪನಿ, 1765ರಲ್ಲಿ ಬಂಗಾಳದ ಕಂದಾಯ ವಸೂಲಿಯ ಹಕ್ಕನ್ನೇ ಪಡೆದುಬಿಡುತ್ತದೆ. ಷೇರುದಾರರ ಲಾಭಕ್ಕೆ ಸೈನ್ಯ ಸಾಕಿದ ಕಂಪನಿ! ಕೇಳುತ್ತಾ ಸಿಟ್ಟು ಬರುತ್ತದೆ, ನಿಲ್ಲಿಸಲಿಕ್ಕೂ ಆಗುವುದಿಲ್ಲ. ಮನುಷ್ಯಕುಲದ ಚರಿತ್ರೆ ಹೇಳುವ ಹರಾರಿ ಅವರ 'ಸೇಪಿಯನ್ಸ್' ಸಲೀಸಾಗಿ ಸಾಗುತ್ತದೆ, ಆದರೆ ದೊಡ್ಡ ದೊಡ್ಡ ಮಾತುಗಳನ್ನು ಅವಸರದಲ್ಲಿ ಹೇಳಿ ಮುಂದೆ ಹೋದಂತೆ ಅನ್ನಿಸಿತು. ಯುದ್ಧದ ಪುಸ್ತಕಗಳು ಮಾತ್ರ ಓದಲಿಕ್ಕೇ ಸರಿ. ನಕ್ಷೆ ಕಣ್ಣೆದುರು ಇಲ್ಲದಿದ್ದರೆ ಯಾವ ಸೈನ್ಯ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ನಮ್ಮ ಕಡೆಯ ಚರಿತ್ರೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ. ಇವನ್ನೆಲ್ಲ ಕನ್ನಡದಲ್ಲಿ, ಒಳ್ಳೆಯ ದನಿಯಲ್ಲಿ, ನಮ್ಮ ಊರುಗಳ ಹೆಸರನ್ನು ಸರಿಯಾಗಿ ಹೇಳುತ್ತಾ ಯಾರಾದರೂ ಓದಿದರೆ ದುಡ್ಡು ಕೊಟ್ಟು ಕೇಳುತ್ತೇನೆ. ಅಂಥದ್ದು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.